ತಂಗಳು ಪೆಟ್ಟಿಗೆ

ನಮ್ಮ ಮನೆಯ ಫ್ರಿಜ್ಜಿಗೆ ಅತ್ತೆ ಇಟ್ಟಿದ್ದ ಹೆಸರು ತಂಗಳು ಪೆಟ್ಟಿಗೆ. ನನ್ನ ಎದುರಿಗೇ ಹಾಗೆ ಕರೆಯುತ್ತಿದ್ದರು. ನೆಂಟರು ಬಂದರೆ ಸಾಕು, "ತಂಗಳು ಪೆಟ್ಟಿಗೇಲಿ ಮಜ್ಗೆ ಮಡಗಿವ್ನಿ, ತಂದ್ಕೊಡವ್ವ" ಅನ್ನುವರು. ನೆಂಟರು ಕಿಸಕ್ಕನೆ ನಗುವರು. ನಾನು ಲೋಟಗಳನ್ನು ಅವರ ಮುಂದೆ ಕುಕ್ಕಿ ಒಳಗೆ ಹೋಗುತ್ತಿದ್ದೆ. ನನ್ನದು ಮೊದಲಿನಿಂದಲೂ ಮೂಗಿನ ತುದಿಯ ಕೋಪ. ಈಗ ಬರೆಯಲು ಕೂತಾಗ ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಸಾಧ್ವಿಯ ಹಾಗೆ ಕಾಣಿಸಿಕೊಳ್ಳುವ ಆಸೆ ನನಗಿಲ್ಲ.

ಲಗ್ಗೆರೆಯಲ್ಲಿ ನಮ್ಮದು ಊರೊಳಗಿನ ಹಳೇ ಮನೆ. ಅತ್ತೆ ಸೊಸೆಯಾಗಿ ಬಂದಾಗ ಅದಿನ್ನೂ ಹಳ್ಳಿ, ಮನೆಯ ಹಿಂದೆಯೇ ರಾಗಿ ಹೊಲವಿತ್ತಂತೆ. ನಾನು ಬರುವ ಹೊತ್ತಿಗೆ ಆ ಜಾಗದಲ್ಲಿ ಒಂದರ ಮೈಗೊಂದು ತಾಗಿಕೊಂಡು ಬಾಡಿಗೆ ಮನೆಗಳು ಎದ್ದಿದ್ದವು. ಅದರಲ್ಲಿ ಒಂದೂ ನಮ್ಮದಲ್ಲ. ನನ್ನ ಗಂಡ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ನಾನು ಅಲ್ಲೇ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್, ಶರ್ಟಿಗೆ ಕಾಲರ್ ಕೂರಿಸುವ ಮೆಷಿನ್ನು ನನ್ನದು. ನಾವಿಬ್ಬರು, ಅತ್ತೆ, ಮನೆಯಲ್ಲಿ ಇದ್ದದ್ದು ಇಷ್ಟೇ ಜನ.

ಫ್ರಿಜ್ಜು ಸೆಕೆಂಡ್ ಹ್ಯಾಂಡ್. ಒಂದೇ ಬಾಗಿಲಿನದು, ಮೇಲುಗಡೆ ಐಸ್ ಕಟ್ಟುವ ಪುಟ್ಟ ಗೂಡು, ಆ ಗೂಡಿನ ಬಾಗಿಲು ಮುರಿದಿತ್ತು. ನನಗೆ ಬೇಕಾಗಿದ್ದದ್ದು ಆ ಗೂಡೇ. ಭಾನುವಾರ ಸಂಜೆ ವ್ಯಾಪಾರ ಮುಗಿಯುವ ಹೊತ್ತಿಗೆ ಹೋದರೆ ತರಕಾರಿಯವರು ಉಳಿದದ್ದನ್ನು ಗುಡ್ಡೆ ಹಾಕಿ ಬಂದಷ್ಟಕ್ಕೆ ಕೊಡುತ್ತಿದ್ದರು. ಮೆತ್ತಗಾದ ಟೊಮೆಟೊ ತಂದು ಬೇಯಿಸಿ ರುಬ್ಬಿ ಇಡುತ್ತಿದ್ದೆ. ಬಟಾಣಿ ಬಿಡಿಸಿ ಇಡುತ್ತಿದ್ದೆ. ತೆಂಗಿನಕಾಯಿ ತುರಿದು ಇಡುತ್ತಿದ್ದೆ. ವಾರದ ಸಾರಿಗೆ ಬೇಕಾಗುವ ಖಾರ ಅಷ್ಟನ್ನೂ ಒಂದೇ ಸಲ ರುಬ್ಬಿಕೊಳ್ಳುತ್ತಿದ್ದೆ. ಸ್ಟೀಲ್ ಡಬ್ಬಿಯಲ್ಲಿಟ್ಟರೆ ಮುಚ್ಚಳ ಐಸಿಗೆ ಕಚ್ಚಿಕೊಂಡು, ಒನಕೆಯಲ್ಲಿ ಬಡಿದರೂ ಬಿಡುತ್ತಿರಲಿಲ್ಲ. ಅದಕ್ಕೆ ಹಾಲಿನ ಕವರು. ತುದಿ ಕತ್ತರಿಸಿ, ತೊಳೆದು, ಬಟ್ಟೆ ಒಣಹಾಕುವ ತಂತಿಗೆ ಸಿಕ್ಕಿಸಿ ಒಣಗಿಸಿ, ಒಳಗೆ ತುಂಬಿ, ಫ್ಯಾಕ್ಟರಿಯ ದಾರದಲ್ಲಿ ಬಾಯಿ ಕಟ್ಟಿ ಮಲಗಿಸಿದರೆ ಬೆಳಗಾಗುವುದರೊಳಗೆ ಹಲಗೆಯ ಹಾಗೆ ಗಟ್ಟಿಯಾಗಿರುತ್ತಿದ್ದವು.

ಅತ್ತೆಗೆ ಇದು ಸುತರಾಂ ಸರಿಬರುತ್ತಿರಲಿಲ್ಲ. "ಬೇಯ್ಸಿದ್ದು ಅವತ್ತಿಗೆ ಕಣವ್ವ. ಮಿಕ್ಕುದ್ರೆ ದನೀಗಾಕು" ಅನ್ನುವರು.

"ದನ ಎಲ್ಲಿದೆ ಅತ್ತೆ ಲಗ್ಗೆರೇಲಿ?"

"ನಾಯಿ ಅವಲ್ಲ, ಅವ್ಕಾಕು. ನನ್ ತವರಲ್ಲಿ ತಂಗಳು ಮುದ್ದೆ ಉಂಡೂ ಉಂಡೂ ನಾಲ್ಗೆ ಸತ್ತೋಗಿತ್ತು. ಬಿಸೀದು ಉಣ್ಣೋ ಯೋಗ ಬಂದ್ಮೇಲೂ ಅದ್ನೇ ಉಣ್ಬೇಕಾ?"

ನಾನೂ ಬಿಡುತ್ತಿರಲಿಲ್ಲ, ಉಣ್ಣುವವರು ಬೆಳಿಗ್ಗೆ ಎದ್ದು ಬೇಯಿಸಿಕೊಳ್ಳಲಿ ಅನ್ನುತ್ತಿದ್ದೆ. ಆದರೆ ಹಾಲಿನ ಕವರು ತೊಳೆಯುವ ಕೆಲಸ ಮಾತ್ರ ಅತ್ತೆ ಯಾರಿಗೂ ಬಿಟ್ಟುಕೊಡಲಿಲ್ಲ. ಗಂಟು ಬಿಚ್ಚಿದ ದಾರವನ್ನೂ ಎಸೆಯದೆ ಗೋಡೆಯ ಮೊಳೆಗೆ ಸುತ್ತಿಡುವರು. ಬೈದುಕೊಂಡೇ ಕೆಲಸ ಮಾಡಿಕೊಡುವ ಜಾತಿ ಅದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಇಬ್ಬರ ಕಾಲವೂ ಒಟ್ಟಿಗೇ ನಡೆಯುತ್ತಿತ್ತು.

ಆಮೇಲೆ ನನ್ನ ಗಂಡನ ಬಾಯಲ್ಲಿ ಹುಣ್ಣಾಯಿತು. ಬಡವನ ಕೋಪ ದವಡೆಗೆ ಮೂಲ ಎಂದು ಗಾದೆ ಇದೆ. ಇವರಿಗೆ ಕೋಪ ಅನ್ನುವುದೇ ಇರಲಿಲ್ಲ, ಅದನ್ನೆಲ್ಲ ನನಗೇ ಬಿಟ್ಟಿದ್ದರು. ಇವರ ದವಡೆಗೆ ಮೂಲ ಗುಟ್ಕಾ. ಲೇತ್ ಮುಂದೆ ಇಡೀ ದಿನ ನಿಲ್ಲಬೇಕಲ್ಲ, ಕೆನ್ನೆಯ ಸಂದಿಯಲ್ಲಿ ಅದೊಂದು ಇರಲೇಬೇಕು. ಖಾರ ತಡೆಯುತ್ತಿಲ್ಲ ಅಂದರು, ಮೆಣಸಿನಕಾಯಿ ಕಮ್ಮಿ ಮಾಡಿದೆ. ಬಾಯಿ ಅಗಲಿಸಲು ಆಗುತ್ತಿಲ್ಲ ಅಂದರು, ತುತ್ತು ಸಣ್ಣ ಮಾಡಿಕೊಳ್ಳಿ ಅಂದೆ. ಕೊನೆಗೆ ಆಸ್ಪತ್ರೆಗೆ ಹೋದಾಗ ಎಡಗಡೆ ದವಡೆಯನ್ನೇ ಅರ್ಧ ತೆಗೆದರು. ಎದೆಯ ಮಾಂಸ ತೆಗೆದು ಕೆನ್ನೆಗೆ ಹಾಕಿದರು. ಪ್ರಜ್ಞೆ ಬಂದು, ಮಾತು ಅರೆಬರೆ ಹೊರಡಲು ಶುರುವಾದ ಮೇಲೆ ಅವರು ನನಗೆ ಹೇಳಿದ ಮೊದಲನೇ ಮಾತು ಇದು: "ಇನ್ಮೇಲೆ ನಾನಾಡೋದೆಲ್ಲ ಎದೆಯಾಳದ ಮಾತೇ ಕಣೇ." ನಾನು ನಗಲಿಲ್ಲ. ಅಳಲೂ ಇಲ್ಲ, ಅಲ್ಲಿ ಎಲ್ಲರೂ ನೋಡುತ್ತಿದ್ದರು.

ಆಪರೇಷನ್ ಆದ ಮೇಲೆ ಕರೆಂಟು ಕೊಡಬೇಕು. ಮೆಷಿನ್ನಿನ ಕೆಳಗೆ ಮಲಗಿಸಿ ಉಳಿದ ರೋಗವನ್ನು ಸುಡುವ ಆ ಚಿಕಿತ್ಸೆಗೆ ಆಸ್ಪತ್ರೆಯಲ್ಲಿ ರೋಗಿಗಳೆಲ್ಲ ಅನ್ನುವುದು ಕರೆಂಟು ಅಂತಲೇ. ಡಾಕ್ಟರು ಇವರನ್ನು ತೂಕ ಮಾಡಿಸಿ ತಲೆಯಾಡಿಸಿದರು.

"ಈ ಮೈಗೆ ಕರೆಂಟು ತಡ್ಕೊಳಲ್ಲಮ್ಮ. ಸಂಕ್ರಾಂತಿ ಕಳೀಲಿ, ಆಮೇಲೆ ಕರ್ಕೊಂಡು ಬನ್ನಿ. ಅಷ್ಟರಲ್ಲಿ ತೂಕ ಏರಿದ್ರೆ ಶುರು ಮಾಡ್ಬಿಡೋಣ. ಇಳೀತು ಅಂದ್ರೆ ಕಷ್ಟ."

ಏನು ತಿನ್ನಿಸಬೇಕೆಂದು ಅಲ್ಲಿನ ನರ್ಸಮ್ಮ ಬಿಡಿಸಿ ಹೇಳಿದರು. ಬೇಳೆ, ಮೊಟ್ಟೆ, ಕೋಳಿ ರಸ, ಎಣ್ಣೆ, ಎಲ್ಲವೂ ನುಣ್ಣಗೆ ಅರೆದಿರಬೇಕು, ಸೋಸಿರಬೇಕು, ಗಟ್ಟಿಯಾಗಿರಬೇಕು, ಗಂಟೆಗೊಂದು ಸಲ ಅನ್ನುವ ಹಾಗೆ ಸ್ವಲ್ಪಸ್ವಲ್ಪ ಕೊಡುತ್ತಲೇ ಇರಬೇಕು. ಇದನ್ನು ಮಾಡುವುದು ಯಾರು? ನಾನು ಕೆಲಸ ಬಿಟ್ಟು ಮನೆಯಲ್ಲಿ ಕೂರುವ ಹಾಗಿರಲಿಲ್ಲ. ಇವರಿಗೆ ಚಿಕಿತ್ಸೆ ನಡೆಯುತ್ತಿದ್ದದ್ದೇ ನನ್ನ ಫ್ಯಾಕ್ಟರಿಯ ಆಸ್ಪತ್ರೆ ಕಾರ್ಡಿನ ಮೇಲೆ. ಹಾಜರಿ ತಪ್ಪಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಕಾರ್ಡು ಹೋಗುತ್ತದೆ. ಅತ್ತೆಯ ಬೆರಳುಗಳು ಸೊಟ್ಟಗಾಗಿದ್ದವು, ಮಿಕ್ಸಿ ಅಂದರೆ ಭಯ. ಹಾಗಾಗಿ ಇಡೀ ವಾರದ್ದನ್ನು ನಾನು ಭಾನುವಾರವೇ ಮಾಡಿ ಐಸ್ ಮಾಡಿಟ್ಟೆ.

ಅವರೆಕಾಯಿಯ ಕಾಲ. ಕಾಳು ನೆನೆಸಿ, ಸಿಪ್ಪೆ ಹಿತುಕಿ, ಬೇಯಿಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಇಡುತ್ತಿದ್ದೆ. ಹುರುಳಿಕಟ್ಟು ಮಾಡಿ ಇಡುತ್ತಿದ್ದೆ. ಕೋಳಿಯನ್ನು ಮೂಳೆ ಬಿಡುವ ತನಕ ಕುದಿಸಿ, ಮಾಂಸವನ್ನೂ ಅರೆದು ರಸಕ್ಕೇ ಸೇರಿಸುತ್ತಿದ್ದೆ. ಮೊದಲ ವಾರ ರಾಗಿ ಗಂಜಿಯನ್ನೂ ಹಾಗೇ ಇಟ್ಟು ಕೆಟ್ಟೆ, ಕರಗಿದಾಗ ನೀರೇ ಬೇರೆ, ಹಿಟ್ಟೇ ಬೇರೆ. ಆಮೇಲೆ ಗಂಜಿಯನ್ನು ಅತ್ತೆಗೆ ಬಿಟ್ಟು ಉಳಿದದ್ದನ್ನು ನಾನು ನೋಡಿಕೊಂಡೆ. ಹಗಲು ಹೊತ್ತಿನಲ್ಲಿ ಮನೆಯ ಕರೆಂಟು ತೆಗೆದರೆ ಫ್ರಿಜ್ಜಿನ ಬಾಗಿಲು ಮುಟ್ಟಬೇಡಿ, ಮೇಲೆ ಕಂಬಳಿ ಹೊದಿಸಿ ಎಂದು ಅತ್ತೆಗೆ ಹೇಳಿಟ್ಟಿದ್ದೆ. ಬಾಣಂತಿಗೆ ಹೊದಿಸುವ ಹಾಗೆ ಹೊದಿಸುತ್ತಿದ್ದರಂತೆ. "ತಂಗಳು ತಿಂದು ಯಾವನವ್ವ ಮೈ ಹಿಡ್ದವ್ನೆ" ಎಂದು ಗೊಣಗುತ್ತಲೇ ಪ್ಯಾಕೆಟ್ಟನ್ನು ಬಿಸಿನೀರಿಗೆ ಹಾಕಿ, ಕರಗಿಸಿ, ಮಗನಿಗೆ ಕೊಡುತ್ತಿದ್ದರು.

ಸಂಜೆ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಕೇಳುತ್ತಿದ್ದೆ, "ಎಷ್ಟು ಪ್ಯಾಕೆಟ್ ಖಾಲಿಯಾಯ್ತು?" ಅತ್ತೆ ಹೇಳುವರು. ಕಮ್ಮಿಯಾಗಿದ್ದರೆ ಇಬ್ಬರಿಗೂ ಮಂಗಳಾರತಿ. ಇವರು ತಲೆ ಬಗ್ಗಿಸಿ ಲೋಟ ಹಿಡಿದು ಕೂರುವರು. ಅರ್ಧ ಒಳಗೆ ಹೋದರೆ ಅರ್ಧ ಕೆನ್ನೆಯ ಸಂದಿಯಿಂದ ಇಳಿಯುತ್ತಿತ್ತು, ಟವೆಲಿನಲ್ಲಿ ಒರೆಸಿಕೊಂಡು ಮತ್ತೆ ಕುಡಿಯುವರು. ಬೇಡ ಅಂದದ್ದಿಲ್ಲ. ಮೆಡಿಕಲ್ ಶಾಪಿನ ತೂಕದ ಮೆಷಿನ್ ಮೇಲೆ ವಾರವಾರ ನಿಲ್ಲಿಸುತ್ತಿದ್ದೆ. ಹಬ್ಬದ ಹಿಂದಿನ ಸಲ ಮುಳ್ಳು ಒಂಚೂರು ಮೇಲೆ ಸರಿದಿತ್ತು. ನಾನು ಆ ಅಂಗಡಿಯವನಿಗೇ "ಅಣ್ಣ, ಏರಿದೆ ನೋಡಿ, ಏರಿದೆ" ಎಂದು ಕೂಗಿ ಹೇಳಿದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಆ ವರ್ಷ ಸಂಕ್ರಾಂತಿಯ ಮಾರನೇ ದಿನವೇ ಸೂರ್ಯಗ್ರಹಣ. ವಾರದಿಂದ ಟೀವಿಯಲ್ಲಿ ಜ್ಯೋತಿಷಿಗಳು ಸಾಲಾಗಿ ಕೂತು ಊರಿಗೆ ಊರನ್ನೇ ಹೆದರಿಸುತ್ತಿದ್ದರು. ಗ್ರಹಣಕ್ಕೆ ಮುಂಚೆ ಬೇಯಿಸಿದ್ದನ್ನು ಗ್ರಹಣ ಬಿಟ್ಟ ಮೇಲೆ ಉಣ್ಣಬಾರದು, ಚೆಲ್ಲಬೇಕು. ಹಾಲು, ಮೊಸರು, ಉಪ್ಪಿನಕಾಯಿಯಂಥ ಚೆಲ್ಲಲಾಗದ ವಸ್ತುವಿದ್ದರೆ ಮೇಲೊಂದು ಗರಿಕೆ ಇಟ್ಟರೆ ದೋಷವಿಲ್ಲ. ಇದು ನಮ್ಮ ಕಡೆ ಎಲ್ಲರೂ ಮಾಡುವುದೇ.

"ತಂಗಳು ಪೆಟ್ಟಿಗೇಲಿರೋದ್ನ ಏನ್ ಮಾಡೋದು?" ಎಂದು ಅತ್ತೆ ಕೇಳಿದರು.

"ಐಸಾಗಿರೋದಕ್ಕೆ ಎಂಥ ಗ್ರಹಣ ಅತ್ತೆ? ಸೂರ್ಯನ ಮುಖವನ್ನೇ ನೋಡಿಲ್ಲ ಅದು."

"ಬೇಯ್ಸಿದ್ದು ಬೇಯ್ಸಿದ್ದೇ ಕಣವ್ವ."

ಜಗಳ ಬೇಡವೆಂದು ನಾನೇ ಮೈದಾನದ ಅಂಚಿನಿಂದ ಗರಿಕೆ ಕಿತ್ತು ತಂದು ಪ್ಯಾಕೆಟ್ಟುಗಳ ನಡುವೆ ಸಿಕ್ಕಿಸಿದೆ. ಹಬ್ಬಕ್ಕೆಂದು ಸಿಕ್ಕ ರಜೆಯನ್ನೆಲ್ಲ ಒಲೆಯ ಮುಂದೆ ಕಳೆದು ಗೂಡಿನ ತುಂಬ ತುಂಬಿಟ್ಟಿದ್ದೆ. ಆಸ್ಪತ್ರೆಗೆ ಹೋಗುವ ದಿನದ ತನಕ ಅದು ಸಾಕಾಗುತ್ತಿತ್ತು. ಇಷ್ಟು ಮಾಡಿ ಕೆಲಸಕ್ಕೆ ಹೋದೆ. ಬಸುರಿಯರನ್ನು ಬಿಟ್ಟು ಎಲ್ಲರೂ ಬರಲೇಬೇಕು ಎಂದು ಸೂಪರ್‌ವೈಸರ್ ಹೇಳಿದ್ದ. ಮಧ್ಯಾಹ್ನ ಬಿಸಿಲು ಮಂಕಾದಾಗ ನಮ್ಮ ಲೈನಿನಲ್ಲಿ ಒಬ್ಬಳೂ ಊಟದ ಡಬ್ಬಿ ಬಿಚ್ಚಲಿಲ್ಲ.

ಸಂಜೆ ಮನೆಗೆ ಬಂದರೆ ಬಾಗಿಲಿಂದ ಬಾಗಿಲಿಗೆ ನೆಲ ತೊಳೆದಿತ್ತು. ಅತ್ತೆ ತಲೆಗೆ ಸ್ನಾನ ಮಾಡಿ ಒಲೆಯ ಮುಂದೆ ಕೂತಿದ್ದರು. ಫ್ರಿಜ್ಜು ತೆಗೆದೆ. ಮೇಲಿನ ಗೂಡು ಖಾಲಿ. ನಾನಿಟ್ಟ ಗರಿಕೆ ಮಾತ್ರ ಐಸಿಗೆ ಅಂಟಿಕೊಂಡಿತ್ತು. ಹೊರಗೆ ಓಡಿದೆ. ಬಾಗಿಲ ಮುಂದಿನ ಮೋರಿಯಲ್ಲಿ ಹಾಲಿನ ಕವರುಗಳು ಬಿದ್ದಿದ್ದವು, ಎಲ್ಲವನ್ನೂ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿತ್ತು. ಗ್ರಹಣಕ್ಕೆ ಹೆದರದ ನಾಯಿಯೊಂದು ಅದರೊಳಗೆ ಮೂತಿ ಹಾಕಿ ನೆಕ್ಕುತ್ತಿತ್ತು.

"ಯಾರು ಚೆಲ್ಲಿದ್ದು?"

"ನಾನೇ ಕಣವ್ವ," ಅತ್ತೆ ಒಲೆಯಿಂದ ಮುಖ ತಿರುಗಿಸದೆ ಹೇಳಿದರು. "ಟೀವೀಲಿ ಯೋಳುದ್ರು. ಗರಿಕೆ ಮಡಗಿದ್ರೂ ರೋಗಿಷ್ಟರಿಗೆ ಅದ್ನ ಇಕ್ಬಾರ್ದಂತೆ."

ನನ್ನ ಬಾಯಿಂದ ಏನು ಬಂತು ಏನು ಬಿಟ್ಟಿತು ಎಲ್ಲವನ್ನೂ ಇಲ್ಲಿ ಬರೆಯಲಾರೆ. ಹೆತ್ತ ಮಗನ ಬಾಯಿಗೆ ಮಣ್ಣು ಹಾಕುವ ತಾಯಿಯನ್ನು ಎಲ್ಲೂ ಕಂಡಿಲ್ಲ ಅಂದೆ. ಕರೆಂಟು ತಪ್ಪಿದರೆ ಅವರ ಸಾವು ನಿಮ್ಮ ತಲೆಯ ಮೇಲೆ ಅಂದೆ. ಅಕ್ಕಪಕ್ಕದವರು ಕಿಟಕಿಗೆ ಬಂದರು. ಒಂದಕ್ಕೆ ಹತ್ತು ಹಿಂತಿರುಗಿಸುವ ಅತ್ತೆ ಅವತ್ತು ಬಾಯಿ ಬಿಡಲಿಲ್ಲ. ಇವರು ಗೋಡೆಯ ಕಡೆ ತಿರುಗಿ ಮಲಗಿದ್ದರು, ನಿದ್ದೆ ಇರಬೇಕು ಅಂದುಕೊಂಡೆ.

ಮುಂದಿನ ಭಾನುವಾರ ಮತ್ತೆ ಮಾಡಿಟ್ಟುಕೊಳ್ಳೋಣವೆಂದರೆ ಫ್ಯಾಕ್ಟರಿಯಲ್ಲಿ ಮಾಲು ಕಳಿಸುವ ಅವಸರ, ರಜೆಯೇ ಕೊಡಲಿಲ್ಲ. ಗೂಡು ಖಾಲಿಯೇ ಉಳಿಯಿತು. ಅತ್ತೆ ಹೊತ್ತುಹೊತ್ತಿಗೆ ಹೊಸದಾಗಿ ಬೇಯಿಸಿ, ಕೈಯಲ್ಲೇ ಹಿಸುಕಿ, ತೆಳ್ಳಗೆ ಸೋಸಿ ಮಗನಿಗೆ ಕುಡಿಸಿದರು. ಮೊಟ್ಟೆಯಿಲ್ಲ, ಎಣ್ಣೆ ಒಗ್ಗರಣೆಗೆ ಸಾಲುವಷ್ಟೇ, ಘಮವೇ ಜಾಸ್ತಿ. ನಾನು ಅತ್ತೆಯ ಜೊತೆ ಮಾತು ಬಿಟ್ಟಿದ್ದೆ. ಒಂದು ಸಂಜೆ ಬಾಗಿಲ ಹತ್ತಿರ ಬರುವಾಗ ತಾಯಿ ಮಗ ಇಬ್ಬರೂ ಏನಕ್ಕೋ ನಗುತ್ತಿದ್ದದ್ದು ಕೇಳಿಸಿತು. ನನ್ನನ್ನು ಕಂಡ ಕೂಡಲೇ ಕಳ್ಳರ ಹಾಗೆ ಸುಮ್ಮನಾದರು. ನನಗೆ ಮೈಯೆಲ್ಲ ಉರಿಯಿತು.

ಆಸ್ಪತ್ರೆಗೆ ಮೂವರೂ ಹೋದೆವು. ನರ್ಸಮ್ಮ ತೂಕ ಕೂಗಿ ಹೇಳಿದರು. ಏರಿದ್ದೂ ಹೋಗಿತ್ತು, ಮೊದಲಿದ್ದದ್ದೂ ಹೋಗಿತ್ತು. ಡಾಕ್ಟರು ಇವರ ಕಿವಿಯ ಕೆಳಗೆ, ಕುತ್ತಿಗೆಯ ಪಕ್ಕ ಬೆರಳಿನಿಂದ ಒತ್ತಿ ಒತ್ತಿ ನೋಡಿದರು. "ಸ್ಕ್ಯಾನ್ ಒಂದು ಮಾಡ್ಸಿಬಿಡಿ. ಸದ್ಯಕ್ಕೆ ಕರೆಂಟು ಬೇಡ" ಅಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತ ಅತ್ತೆಯ ಮುಂದೆ ನಿಂತು ಶುರು ಮಾಡಿದೆ. ಸರದಿಗಾಗಿ ಕಾಯುತ್ತಿದ್ದ ಜನರೆಲ್ಲ ತಿರುಗಿ ನೋಡಿದರು. "ತೃಪ್ತಿ ಆಯ್ತಾ? ನಿಮ್ಮ ಗ್ರಹಣ ಬಿಡ್ತಾ ಈಗ?" ಅಂದೆ. ಅತ್ತೆ ಸೆರಗಿನ ತುದಿಯನ್ನು ಸುತ್ತುತ್ತ ಕೂತೇ ಇದ್ದರು. ಪಕ್ಕದಲ್ಲಿ ಕೂತಿದ್ದ ಇವರು ಬೆಂಚಿನ ಮೇಲೆ ಅಂಗೈಯಿಂದ ಬಡಿದರು.

"ಅವ್ವ ಅಲ್ಲ. ನಾನು."

ಅವರ ಮಾತು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ, ಅಕ್ಷರಗಳು ಗಾಳಿಯಲ್ಲೇ ಹೋಗಿಬಿಡುತ್ತಿದ್ದವು. ನಮ್ಮಿಬ್ಬರಿಗೆ ಮಾತ್ರ ತಿಳಿಯುತ್ತಿತ್ತು. ಗ್ರಹಣ ಬಿಟ್ಟ ಮೇಲೆ ಅತ್ತೆ ಸ್ನಾನಕ್ಕೆ ಹೋಗಿದ್ದಾಗ ಇವರೇ ಎದ್ದು, ಗೂಡಿನಿಂದ ಒಂದೊಂದನ್ನೇ ತೆಗೆದು, ಗಡ್ಡ ಹೆರೆಯುವ ಬ್ಲೇಡ್ ಹಿಡಿದು ಮೋರಿಯ ಹತ್ತಿರ ಕೂತಿದ್ದರಂತೆ. ಅತ್ತೆ ಒದ್ದೆ ಸೀರೆಯಲ್ಲಿ ಬಂದು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಅವ್ಳು ನಿನ್ನ ಸುಮ್ಕೆ ಬಿಡಾಕಿಲ್ಲ ಕಣ್ಲಾ. ನಾ ಚೆಲ್ದೆ ಅಂತೀನಿ, ನೀ ಒದ್ಕೊಂಡು ಮನಿಕ್ಕೊ" ಅಂದರಂತೆ. ಹೌದಲ್ಲ ಅನ್ನಿಸಿತು ನನಗೆ. ಅತ್ತೆಯೇ ಚೆಲ್ಲಿದ್ದರೆ ಗಂಟು ಬಿಚ್ಚುತ್ತಿದ್ದರು, ಕವರನ್ನು ಸೀಳುತ್ತಿರಲಿಲ್ಲ.

"ಯಾಕ್ರೀ?" ಅಂದೆ.

"ಸೋಮವಾರದಿಂದ ಶನಿವಾರದ ತನಕ ನಾನು ಉಣ್ತಿದ್ದದ್ದು ಭಾನುವಾರದ್ದು. ಭಾನುವಾರ ನೀನು ಮನೇಲಿದ್ರೂ ಒಲೆ ಮುಂದೆ. ಸಂಜೆ ಬಂದ್ರೆ ಪ್ಯಾಕೆಟ್ ಎಷ್ಟು ಅಂತ ಕೇಳ್ತೀಯ. ನನ್ನ ಏನೂ ಕೇಳಲ್ಲ." ಬಾಯಿ ಒರೆಸಿಕೊಂಡು ಮತ್ತೆ ಹೇಳಿದರು, "ಅದನ್ನ ನೋಡಿದ್ರೇ ಆಗ್ತಿರ್ಲಿಲ್ಲ ಕಣೇ. ಅವ್ವಂಗೆ ನಿನ್ಹತ್ರ ಹೇಳಕ್ಕೆ ಗ್ರಹಣ ಒಂದು ನೆಪ ಸಿಕ್ತು."

"ಸಾಯೋಕೆ ಅಷ್ಟು ಆಸೆ ಇದ್ರೆ ಮೊದಲೇ ಬಾಯಿಬಿಟ್ಟು ಹೇಳ್ಬೇಕಿತ್ತು!"

ಅವರು ಇಲ್ಲ ಎಂದು ತಲೆಯಾಡಿಸಿದರು. "ಸಾಯಕ್ಕಲ್ಲ. ಉಣ್ಣಕ್ಕೆ."

ಆ ಮಾತು ನೆನೆದರೆ ನನಗೆ ಇವತ್ತಿಗೂ ಸಿಟ್ಟೇ ಬರುತ್ತದೆ. ನಾನೇನು ಬೇಕೆಂದು ತಂಗಳು ತುಂಬಿಟ್ಟೆನೇ? ಮನೆಯಲ್ಲಿ ಕೂತು ಬಿಸಿಬಿಸಿ ಬಡಿಸಿದ್ದರೆ ಆ ಆಸ್ಪತ್ರೆಯ ಗೇಟಿನೊಳಗೆ ನಮ್ಮನ್ನು ಯಾರು ಬಿಡುತ್ತಿದ್ದರು? ಇಷ್ಟನ್ನೂ ಕೂಗಿ ಹೇಳಬೇಕು ಅನ್ನಿಸಿತು. ಅವರ ಮುಖದ ಆ ಒಂದು ಕಡೆ ನೋಡಿದೆ. ಅತ್ತೆ ಪಕ್ಕಕ್ಕೆ ಸರಿದು ಜಾಗ ಕೊಟ್ಟರು, ಕೂತುಕೊಂಡೆ.

ಸ್ಕ್ಯಾನ್ ಆಗಿ ವರದಿ ಬರುವ ತನಕ ನಾನು ರಜೆ ಹಾಕಿದೆ. ಏನಾದರೂ ಆಗಲಿ, ಸೂಪರ್‌ವೈಸರ್ ಬೈದುಕೊಳ್ಳಲಿ ಎಂದು ಹಟಕ್ಕೆ ಬಿದ್ದು ಹಾಕಿದೆ. ಹೊತ್ತುಹೊತ್ತಿಗೆ ಒಲೆ ಹಚ್ಚಿ, ರುಬ್ಬಿ, ಮೊಟ್ಟೆ ಎಣ್ಣೆ ಎಲ್ಲ ಹಾಕಿ, ಹಬೆಯಾಡುವ ಹಾಗೇ ತಂದು ಎದುರಿಗೆ ಕೂರುತ್ತಿದ್ದೆ. "ಉಪ್ಪು ಕಮ್ಮಿ ಕಣೇ" ಅಂದರು ಒಂದು ಸಲ. ಆಪರೇಷನ್ ಆದಾಗಿನಿಂದ ಉಪ್ಪು ಖಾರದ ಬಗ್ಗೆ ತುಟಿ ಬಿಚ್ಚದ ಮನುಷ್ಯ. ಎದ್ದು ಹೋಗಿ ಉಪ್ಪು ತಂದು ಹಾಕಿದೆ. ಆದರೆ ಲೋಟ ಖಾಲಿಯಾಗುವುದು ದಿನದಿನಕ್ಕೆ ನಿಧಾನವಾಗುತ್ತ ಬಂತು. ಕುತ್ತಿಗೆಯ ಪಕ್ಕ ಡಾಕ್ಟರು ಒತ್ತಿ ನೋಡಿದ ಜಾಗ ಕಣ್ಣಿಗೆ ಕಾಣುವಷ್ಟು ಊದಿತ್ತು.

ವರದಿ ತೆಗೆದುಕೊಂಡು ಹೋದ ದಿನ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ ಕವರಿಗೆ ಹಾಕಿಬಿಟ್ಟರು. ನೋವಿಗೆ ಔಷಧಿ ಬರೆದರು. ತೂಕದ ಮೆಷಿನ್ನು ಅಲ್ಲೇ ಗೋಡೆಯ ಹತ್ತಿರವಿತ್ತು. ಯಾರೂ ಇವರನ್ನು ಅದರ ಮೇಲೆ ನಿಲ್ಲು ಅನ್ನಲಿಲ್ಲ.

"ತೂಕ ನೋಡಲ್ವಾ ಸಾರ್?" ನಾನೇ ಕೇಳಿದೆ.

"ಬೇಡಮ್ಮ."

"ಮತ್ತೆ ಊಟಕ್ಕೆ? ಬೇಳೆ, ಮೊಟ್ಟೆ ಅದೇ ಕೊಡೋದಾ?"

ಡಾಕ್ಟರು ಪೆನ್ನು ಮುಚ್ಚಿದರು. "ಏನಿಷ್ಟಾನೋ ಅದು ಕೊಡಿ."

ಆಸ್ಪತ್ರೆ ಅಲೆದವರಿಗೆ ಆ ಮಾತಿನ ಅರ್ಥ ಗೊತ್ತಿರುತ್ತದೆ. ನನಗೆ ಗೊತ್ತಾಯಿತು. ಇವರು ಶರ್ಟಿನ ಗುಂಡಿಯನ್ನು ನಿಧಾನವಾಗಿ ಹಾಕಿಕೊಂಡರು, ಇವರಿಗೂ ಗೊತ್ತಾಯಿತು. ಅತ್ತೆ ಮಾತ್ರ ಡಾಕ್ಟರಿಗೆ ಎರಡೂ ಕೈಯೆತ್ತಿ ಮುಗಿದರು. ಗೇಟು ದಾಟುವ ತನಕ ಹೇಗೋ ತಡೆದುಕೊಂಡಿದ್ದು, ಹೊರಗೆ ಬಂದ ಕೂಡಲೇ ನನ್ನ ರಟ್ಟೆ ಹಿಡಿದರು. ಮುಖ ಅರಳಿತ್ತು.

"ನೋಡ್ದೇನವ್ವ, ಡಾಕ್ಟ್ರೇ ಯೋಳುಬುಟ್ರು! ಪತ್ಯ ಇಲ್ವಂತೆ ಇನ್ನು. ಏನ್ ಬೇಕಾದ್ರೂ ಉಣ್ಬೌದಂತೆ. ಎಲ್ಲಾ ವಾಸಿ ಆಗಿದ್ಕೆ ತಾನೆ ಅಂಗನ್ನೋದು?"

ನಾನು ಬಾಯಿ ತೆರೆದೆ. ಇವರು ತಾಯಿಯ ಹಿಂದಿನಿಂದ ನನ್ನನ್ನು ನೋಡಿ ಬೇಡ ಎಂದು ಕಣ್ಣಲ್ಲೇ ತಡೆದರು. ಜೀವನದಲ್ಲಿ ಮೊದಲನೇ ಸಲ ನಾನು ಬಾಯಿ ಮುಚ್ಚಿಕೊಂಡೆ. ಬಸ್ ಸ್ಟಾಪಿನಲ್ಲಿ ಮಗನ ಪಕ್ಕ ಕೂತು ಅತ್ತೆ ಒಂದೊಂದೇ ಹೇಳತೊಡಗಿದರು, ನಾಳೆ ಮಸ್ಸೊಪ್ಪು, ನಾಳಿದ್ದು ಕಾಲು ಸೂಪು, ಸೋಮವಾರ ಕಳೆದ ಮೇಲೆ ನಾಟಿ ಕೋಳಿ, ಯುಗಾದಿಗೆ ಒಬ್ಬಟ್ಟು, ಒಬ್ಬಟ್ಟಿನ ಸಾರು. ಇವರು ಸೊಟ್ಟಗಾದ ಆ ಬೆರಳುಗಳನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು.

"ಹೂಂ ಅವ್ವ," ಅಂದರು. "ಎಲ್ಲಾ ಮಾಡು."